ಕೈಯಲ್ಲಿರುವುದು ಹತ್ತೇ ಸೆಕೆಂಡು: ಮನೆಗೆ ಚಿಕ್ಕ ಅಗ್ನಿನಂದಕ ಆರಿಸುವುದು, ಬಳಸುವುದು

ಮುಂಬಯಿ, ಪುಣೆ, ಗೋವಾದ ನಮ್ಮವರ ಮನೆಗಳಲ್ಲಿ ಕೆಂಪು ಅಗ್ನಿನಂದಕ, ಅಂದರೆ ಎಲ್ಲರೂ ಫೈರ್ ಎಕ್ಸ್‌ಟಿಂಗ್ವಿಶರ್ ಎನ್ನುವ ಸಿಲಿಂಡರ್, ಈಗ ಅಪರೂಪವೇನಲ್ಲ. ಆದರೆ ಬೇಕಾದ ಹೊತ್ತಿಗೆ ಅದು ಕೈಕೊಡುತ್ತದೆ, ಕೈಕೊಡುವ ರೀತಿಯೂ ಪ್ರತಿಸಲ ಹೆಚ್ಚುಕಡಿಮೆ ಒಂದೇ. ಹಿಡಿಕೆಯನ್ನು ಬಿಗಿಯಾಗಿ ಅದುಮಿಕೊಂಡೇ ಪಿನ್ ಎಳೆಯುತ್ತಾರೆ, ಪಿನ್ ಬರುವುದಿಲ್ಲ. ಬಂದರೆ ಜ್ವಾಲೆಯ ತುದಿಗೆ ಹೊಡೆಯುತ್ತಾರೆ, ಪುಡಿಯೆಲ್ಲ ಗಾಳಿಪಾಲು. ಉರಿಯುವ ಬಾಣಲೆಗೆ ಮೊಳ ದೂರದಿಂದ ಹೊಡೆದು ಎಣ್ಣೆಯನ್ನೇ ಗೋಡೆಗೆ ಎರಚುತ್ತಾರೆ. ಇಷ್ಟೆಲ್ಲ ಸರಿಹೋದ ಮನೆಯಲ್ಲಿ ನಂದಕದೊಳಗೆ ಒತ್ತಡವೇ ಉಳಿದಿರುವುದಿಲ್ಲ, ಯಾಕೆಂದರೆ ಎರಡು ವರ್ಷದ ಹಿಂದೆ ಮಕ್ಕಳು ಒಮ್ಮೆ ‘ಟೆಸ್ಟ್’ ಮಾಡಿ ನೋಡಿದ್ದರು.

2 ಕೆಜಿಯ ನಂದಕವನ್ನು ಪೂರ್ತಿ ಒತ್ತಿ ಹಿಡಿದರೆ ಸುಮಾರು 8ರಿಂದ 10 ಸೆಕೆಂಡಿನಲ್ಲಿ ಖಾಲಿ. ಆ ಹತ್ತು ಸೆಕೆಂಡಿನಲ್ಲಿ ಯೋಚನೆ ಮಾಡಲು ಆಗುವುದಿಲ್ಲ. ಯಾವುದನ್ನು ಕೊಳ್ಳಬೇಕು, ಎಲ್ಲಿ ತೂಗುಹಾಕಬೇಕು, ಯಾವ ಬೆಂಕಿಗೆ ಹೊಡೆಯಲೇಬಾರದು ಎಂಬುದೆಲ್ಲ ಬೆಂಕಿಗಿಂತ ಮೊದಲೇ ತೀರ್ಮಾನವಾಗಿರಬೇಕು. ಅದಕ್ಕೇ ಇಲ್ಲಿ ಒತ್ತುವ ಹಂತ ಆರನೆಯದು.

## ಹಂತ 1: ಮೊದಲು ಮನೆಯನ್ನು ನೋಡಿ, ಅಂಗಡಿಯನ್ನಲ್ಲ

ಒಂದು ಕಾಗದ ತೆಗೆದುಕೊಂಡು ಮನೆಯಲ್ಲಿ ಏನೇನು ಉರಿಯಬಹುದು ಎಂದು ಕೋಣೆವಾರು ಬರೆಯಿರಿ. ಅಡುಗೆಮನೆಯಲ್ಲಿ ಎಣ್ಣೆ ಮತ್ತು ಗ್ಯಾಸ್. ದೇವರ ಕೋಣೆಯಲ್ಲಿ ನಂದಾದೀಪ, ಹತ್ತಿ ಬತ್ತಿ, ಕರ್ಪೂರ, ಪಕ್ಕದಲ್ಲೇ ಪರದೆ. ಹಾಲ್‌ನಲ್ಲಿ ಸೋಫಾ, ಟಿವಿ, ಇನ್ವರ್ಟರ್. ಬಾಗಿಲ ಬಳಿ ಚಾರ್ಜ್‌ಗೆ ಇಟ್ಟ ಎಲೆಕ್ಟ್ರಿಕ್ ಸ್ಕೂಟರ್‌ನ ಬ್ಯಾಟರಿ.

ಗ್ಯಾಸ್ ಯಾವುದು ಎಂಬುದನ್ನೂ ಬರೆದುಕೊಳ್ಳಿ. ಮುಂಬಯಿಯಲ್ಲಿ ಮಹಾನಗರ ಗ್ಯಾಸ್, ಪುಣೆಯಲ್ಲಿ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಕೊಡುವ ಪೈಪ್ ಗ್ಯಾಸ್ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗಿ ಚಾವಣಿಯಡಿ ಸೇರುತ್ತದೆ. 14.2 ಕೆಜಿಯ ಸಿಲಿಂಡರ್‌ನಲ್ಲಿರುವ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನಂತೆ ಹರಡಿ ಕಟ್ಟೆಯ ಕೆಳಗಿನ ಕಪಾಟಿನಲ್ಲಿ ನಿಲ್ಲುತ್ತದೆ. ಎರಡರಲ್ಲೂ ಮುಚ್ಚುವ ಜಾಗ ಬೇರೆ ಬೇರೆ. ಪೈಪ್ ಗ್ಯಾಸ್ ಇದ್ದರೆ ಅಡುಗೆಮನೆಯ ಪೈಪಿನ ಮೇಲಿನ ವಾಲ್ವ್ ಹುಡುಕಿ: ಅದರ ಹಿಡಿ ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ, ಪೈಪಿಗೆ ಅಡ್ಡವಾಗಿದ್ದರೆ ಮುಚ್ಚಿದೆ. ಮಾಡ್ಯುಲರ್ ಕಿಚನ್ ಮಾಡಿಸಿದವರ ಮನೆಗಳಲ್ಲಿ ಈ ವಾಲ್ವ್ ಡ್ರಾಯರ್ ಹಿಂದೆ ಅಡಗಿಹೋಗಿರುತ್ತದೆ. ಬಡಗಿಯನ್ನು ಕರೆಸಿ ಕೈ ಹೋಗುವಷ್ಟು ಕಿಂಡಿ ಕೊರೆಸಿ. ನಂದಕ ಕೊಳ್ಳುವುದಕ್ಕಿಂತ ಇದು ಮೊದಲ ಕೆಲಸ.

ಕೊನೆಗೆ ಹೊರಹೋಗುವ ದಾರಿ. ನಮ್ಮ ಕಡೆಯ ಫ್ಲಾಟ್‌ಗಳಲ್ಲಿ ಕಿಟಕಿ, ಬಾಲ್ಕನಿಗೆಲ್ಲ ಗ್ರಿಲ್ ಹಾಕಿಸಿರುವುದರಿಂದ ದಾರಿ ಒಂದೇ, ಮುಂಬಾಗಿಲು. ಅದರ ಬಳಿ ಚಪ್ಪಲಿ ಸ್ಟ್ಯಾಂಡು, ಹಳೇ ಪೇಪರ್ ಕಟ್ಟು, ಸ್ಕೂಟರ್ ಬ್ಯಾಟರಿ ಇದ್ದರೆ ಅವೆಲ್ಲ ಜಾಗ ಖಾಲಿ ಮಾಡಬೇಕು.

## ಹಂತ 2: ಯಾವ ಬಗೆ, ಎಷ್ಟು ಕೆಜಿ

ಭಾರತದಲ್ಲಿ ಬೆಂಕಿಯನ್ನು ಅಕ್ಷರದಿಂದ ಗುರುತಿಸುತ್ತಾರೆ. ಎ ಎಂದರೆ ಮರ, ಬಟ್ಟೆ, ಕಾಗದ. ಬಿ ಎಂದರೆ ಪೆಟ್ರೋಲ್, ಪೇಂಟ್, ತಿನ್ನರ್‌ನಂಥ ದ್ರವ. ಸಿ ಎಂದರೆ ಗ್ಯಾಸ್. ಡಿ ಎಂದರೆ ಲೋಹ. ಅಡುಗೆ ಎಣ್ಣೆಯದು ಬೇರೆಯೇ ಬಗೆ, ಅದಕ್ಕೆ ಎಫ್ ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಅಮೆರಿಕದ ಮಾಲು ನೋಡುವವರು ಮೋಸಹೋಗುವುದು ಇಲ್ಲೇ: ಅವರ ಲೆಕ್ಕದಲ್ಲಿ ಸಿ ಎಂದರೆ ವಿದ್ಯುತ್ತಿನ ಬೆಂಕಿ, ಅಡುಗೆ ಎಣ್ಣೆಗೆ ಕೆ. ಅಕ್ಷರ ಒಂದೇ, ಅರ್ಥ ಬೇರೆ.

ಬಹುತೇಕ ಮನೆಗಳಿಗೆ ಸರಿಹೊಂದುವುದು ಎಬಿಸಿ ಪುಡಿಯ ನಂದಕ. ಒಳಗಿರುವುದು ಮೋನೋ ಅಮೋನಿಯಂ ಫಾಸ್ಫೇಟ್ ಎಂಬ ನಯವಾದ ಪುಡಿ, ಅದನ್ನು ಹೊರತಳ್ಳಲು ಒತ್ತಡದಲ್ಲಿ ತುಂಬಿದ ನೈಟ್ರೋಜನ್. ಪುಡಿ ಬಿಸಿಗೆ ಕರಗಿ ಉರಿಯುವ ವಸ್ತುವಿನ ಮೇಲೆ ತೊಗಟೆಯಂತೆ ಕಟ್ಟಿಕೊಂಡು ಗಾಳಿ ತಡೆಯುತ್ತದೆ, ಜ್ವಾಲೆಯ ರಾಸಾಯನಿಕ ಸರಪಳಿಯನ್ನೂ ಮುರಿಯುತ್ತದೆ. ಆದರೆ ತಣ್ಣಗೆ ಮಾಡುವ ಗುಣ ಇದಕ್ಕಿಲ್ಲ ಎಂದೇ ಹೇಳಬಹುದು. ಈ ಕೊರತೆ ಮುಂದೆ ಎರಡು ಕಡೆ ಕಾಡುತ್ತದೆ, ಬಾಣಲೆಯಲ್ಲಿ ಮತ್ತು ಹಾಸಿಗೆಯಲ್ಲಿ.

ತೂಕದ ವಿಚಾರ. 1 ಕೆಜಿಯದು ಕಾರಿಗೆ ಸರಿ. ಅದಕ್ಕೆ ಪೈಪು ಇರುವುದಿಲ್ಲ, ಇಡೀ ಡಬ್ಬಿಯನ್ನೇ ಗುರಿ ಹಿಡಿಯಬೇಕು. 2 ಕೆಜಿಯದು ಒಂದು ರೂಮ್, ಕಿಚನ್‌ನ ಮನೆಗೆ ಸಾಕು. ತುಂಬಿದಾಗ ಮೂರೂವರೆಯಿಂದ ನಾಲ್ಕು ಕೆಜಿ ತೂಗುತ್ತದೆ, ಅರುವತ್ತು ದಾಟಿದ ಅಮ್ಮನೂ ಎತ್ತಬಲ್ಲರು. 4 ಕೆಜಿಯದು 12ರಿಂದ 15 ಸೆಕೆಂಡು ಬರುತ್ತದೆ, ಪೈಪೂ ಉದ್ದ; ಎರಡು ಬೆಡ್‌ರೂಮ್ ಮೇಲ್ಪಟ್ಟ ಮನೆಗೆ, ಗೋವಾದ ಹೆಂಚಿನ ಬಂಗಲೆಗೆ ಒಳ್ಳೆಯದು, ಆದರೆ ಒಟ್ಟು ತೂಕ ಆರೇಳು ಕೆಜಿ. ಮನೆಯಲ್ಲಿ ಹಗಲು ಹೊತ್ತು ಇರುವವರು ಯಾರೋ ಅವರ ಕೈಗೆ ಕೊಟ್ಟು ಎತ್ತಿಸಿ ನೋಡಿ. ಸಂಜೆ ಏಳಕ್ಕೆ ಲೋಕಲ್ ಇಳಿದು ಬರುವ ಮಗನ ತೋಳ್ಬಲಕ್ಕೆ ತಕ್ಕಂತೆ ಕೊಂಡರೆ ಪ್ರಯೋಜನವಿಲ್ಲ. ಬಜೆಟ್ ಇದ್ದರೆ ಒಂದು 6 ಕೆಜಿಗಿಂತ ಎರಡು 2 ಕೆಜಿ ಮೇಲು.

ಮಾರುಕಟ್ಟೆಯಲ್ಲಿ ಸಿಗುವ ಉಳಿದವು:

ಕಾರ್ಬನ್ ಡೈಆಕ್ಸೈಡ್ ನಂದಕ ಕಂಪ್ಯೂಟರ್, ಸ್ವಿಚ್‌ಬೋರ್ಡ್‌ಗೆ ಚೆನ್ನ, ಪುಡಿಯ ರಾಡಿ ಇಲ್ಲ. ಆದರೆ ಬಟ್ಟೆ, ಮರದ ಬೆಂಕಿ ಮತ್ತೆ ಹತ್ತಿಕೊಳ್ಳುತ್ತದೆ. ಕೊಂಬಿನಂಥ ಬಾಯಿಯನ್ನು ಬರಿಗೈಲಿ ಹಿಡಿದರೆ ಚಳಿಗೇ ಚರ್ಮ ಸುಟ್ಟುಕೊಳ್ಳುತ್ತದೆ. ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಉಸಿರಾಡುವ ಗಾಳಿಯನ್ನೂ ಹೊರದಬ್ಬುತ್ತದೆ. ಮನೆಗೆ ಇದೊಂದನ್ನೇ ಇಟ್ಟುಕೊಳ್ಳಬೇಡಿ.

ಕ್ಲೀನ್ ಏಜೆಂಟ್ ಎಂಬ ಹೆಸರಿನದು, ಅಂದರೆ ಪುಡಿಯ ಬದಲು ಕಲೆ ಉಳಿಸದ ಅನಿಲ ಬಿಡುವಂಥದ್ದು, ಎಲೆಕ್ಟ್ರಾನಿಕ್ಸ್‌ಗೆ ಸೊಗಸು, ಬೆಲೆ ಜಾಸ್ತಿ. ಸ್ಪ್ರೇ ಡಬ್ಬಿಗಳು ಕಸದ ಬುಟ್ಟಿಯ ಬೆಂಕಿಗೆ ಆದೀತು. ಒತ್ತಡ ತೋರಿಸುವ ಗೇಜ್ ಇರುವುದಿಲ್ಲವಾದ್ದರಿಂದ ಒಳಗೆ ಜೀವ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ನಂದಕದ ಜೊತೆಗೆ ಇರಲಿ, ನಂದಕದ ಬದಲಿಗೆ ಬೇಡ.

ಹೆಚ್ಚಿನವರು ಕೇಳದೆ ಬಿಡುವ ವಸ್ತು ಇನ್ನೊಂದಿದೆ, ಫೈರ್ ಬ್ಲಾಂಕೆಟ್. ಗಾಜಿನ ನಾರಿನ, ಸುಮಾರು ಒಂದು ಮೀಟರ್ ಚೌಕದ ಬಟ್ಟೆ. ವಾರಕ್ಕೆರಡು ಸಲ ಗೋಳಿಬಜೆ, ಹಪ್ಪಳ, ಚಕ್ಕುಲಿ ಕರಿಯುವ ಮನೆಗೆ ನಂದಕಕ್ಕಿಂತ ಮೊದಲು ಇದು ಬೇಕು. ಕಾರಣ ಐದನೇ ಹಂತದಲ್ಲಿದೆ.

## ಹಂತ 3: ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ನೋಡಬೇಕಾದ್ದು

ನಾಗದೇವಿ ಸ್ಟ್ರೀಟ್‌ನಂಥ ಹಾರ್ಡ್‌ವೇರ್ ಗಲ್ಲಿಯಲ್ಲಿ ಕೊಳ್ಳಿ, ಆನ್‌ಲೈನ್‌ನಲ್ಲಿ ತರಿಸಿ, ತಪಾಸಣೆ ಒಂದೇ.

ಮೊದಲು ಐಎಸ್‌ಐ ಗುರುತು. ಅದರ ಮೇಲೆ ಐಎಸ್ 15683 ಎಂದು, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಲೇಬಲ್ ಮೇಲಿನ ಹೆಸರಿಗೂ ಆ್ಯಪ್ ತೋರಿಸುವ ಹೆಸರಿಗೂ ತಾಳೆಯಾಗದಿದ್ದರೆ ವಾಪಸ್ ಕೊಡಿ.

ಆಮೇಲೆ ಗೇಜ್. ಮುಳ್ಳು ಹಸಿರು ಪಟ್ಟಿಯ ನಡುವೆ ನಿಂತಿರಬೇಕು. ಹಸಿರಿನ ಎಡ ಅಂಚಿಗೆ ತಾಗಿಕೊಂಡಿದ್ದರೆ ‘ಹೊಸದೇ ಸಾರ್, ಪರವಾಗಿಲ್ಲ’ ಎನ್ನುವ ಮಾತಿಗೆ ಕಿವಿಗೊಡಬೇಡಿ; ಹೊಸದು ಎಂದಮೇಲೆ ಯಾಕೆ ಇಳಿಯಿತು?

ತಯಾರಾದ ತಿಂಗಳು, ವರ್ಷ ಓದಿ. ಒಂದು ವರ್ಷಕ್ಕಿಂತ ಹಳೆಯ ಸರಕು ಬೇಡ. ಪುಡಿಯ ಹೆಸರಿನ ಮುಂದೆ ಎಂಎಪಿ 50, ಎಂಎಪಿ 90 ಎಂಬಂಥ ಅಂಕಿ ಕಾಣುತ್ತದೆ. ಅದು ಪುಡಿಯಲ್ಲಿ ಅಸಲು ಫಾಸ್ಫೇಟ್ ನೂರಕ್ಕೆ ಎಷ್ಟು ಎಂಬ ಲೆಕ್ಕ. 90 ಇದ್ದರೆ ಅಷ್ಟೇ ತೂಕದಲ್ಲಿ ಹೆಚ್ಚು ಬೆಂಕಿ ಆರುತ್ತದೆ, ಬೆಲೆಯ ವ್ಯತ್ಯಾಸ ಕೊಡತಕ್ಕದ್ದೇ.

ಪೈಪು ಇರುವ ಮಾಡೆಲ್ ಕೇಳಿ, ಕೆಲವು 2 ಕೆಜಿಯವಕ್ಕೆ ಇರುವುದಿಲ್ಲ. ಪಿನ್‌ಗೆ ಪ್ಲಾಸ್ಟಿಕ್ ಸೀಲ್ ಇರಬೇಕು. ನಾಜಲ್ ಒಳಗೆ ಬೆರಳು ತಾಗಿಸಿ ನೋಡಿ: ಬಿಳಿ ಅಥವಾ ಹಳದಿ ಪುಡಿ ಅಂಟಿದರೆ ಅದು ಒಮ್ಮೆ ಬಳಸಿ, ಮತ್ತೆ ತುಂಬಿ, ಹೊಸದೆಂದು ಇಟ್ಟ ಮಾಲು. ತಳದ ಅಂಚಿನಲ್ಲಿ ಬಣ್ಣ ಉಬ್ಬಿದ್ದರೂ ಬಿಡಿ.

ಮನೆಗೆ ತಂದ ದಿನವೇ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ತೂಗಿ, ಆ ತೂಕವನ್ನೂ ತಾರೀಕನ್ನೂ ಮಾರ್ಕರ್‌ನಿಂದ ಅದರ ಮೇಲೆ ಬರೆಯಿರಿ. ಮುಂದಿನ ತಪಾಸಣೆಗೆಲ್ಲ ಇದೇ ಆಧಾರ.

## ಹಂತ 4: ತೂಗುಹಾಕುವ ಜಾಗ

ಒಲೆಯ ಪಕ್ಕದಲ್ಲಿ ತೂಗುಹಾಕುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಬೆಂಕಿ ಹತ್ತುವುದು ಒಲೆಯಲ್ಲಿ. ನಂದಕಕ್ಕಾಗಿ ಅದರ ಮೇಲೆಯೇ ಕೈ ಚಾಚಬೇಕಾಗುತ್ತದೆ. ಸರಿಯಾದ ಜಾಗ ಅಡುಗೆಮನೆಯ ಬಾಗಿಲ ಹೊರಗೆ, ಮುಂಬಾಗಿಲಿಗೆ ಹೋಗುವ ದಾರಿಯಲ್ಲಿ. ನಂದಕ ತರಲು ಹೋದವರು ತಾನೇತಾನಾಗಿ ಹೊರದಾರಿಯ ಕಡೆ ನಡೆದಂತಾಗಬೇಕು. ಬೆಂಕಿ ಬೆಳೆದಿದ್ದರೆ ಹಾಗೆಯೇ ಹೊರಗೆ ಹೋಗಬಹುದು.

ಚಾಳ್‌ನ ಒಂದೇ ಖೋಲಿಯ ಮನೆಯಲ್ಲಿ ಒಲೆಯೇ ಬಾಗಿಲ ಪಕ್ಕ ಇರುವುದುಂಟು. ಅಲ್ಲಿ ಬಾಗಿಲ ಇನ್ನೊಂದು ಪಕ್ಕಕ್ಕೆ, ಒಲೆಯಿಂದ ಆದಷ್ಟು ದೂರ. ಸಾಧ್ಯವಾದರೆ ಒಲೆಯನ್ನೇ ಒಳಗಿನ ಗೋಡೆಗೆ ಸರಿಸಿ.

ಗೋಡೆಗೆ ಬ್ರ್ಯಾಕೆಟ್ ಹೊಡೆದು, ಹಿಡಿಕೆ ನಿಮ್ಮ ಎದೆಮಟ್ಟಕ್ಕೆ ಬರುವಂತೆ ತೂಗುಹಾಕಿ. ನೆಲದ ಮೇಲಿಟ್ಟರೆ ನೆಲ ಒರೆಸುವ ನೀರು, ಮಳೆಗಾಲದ ತೇವ ತಳವನ್ನು ತಿನ್ನುತ್ತದೆ. ಅರಬ್ಬಿ ಸಮುದ್ರದ ಉಪ್ಪುಗಾಳಿ ಬೀಸುವ ವಸಾಯಿಯಿಂದ ವಾಸ್ಕೋವರೆಗೂ ಈ ತುಕ್ಕು ಬೇಗ. ಅಟ್ಟದ ಮೇಲೆ, ಕಪಾಟಿನ ಒಳಗೆ, ಕ್ಯಾಲೆಂಡರ್ ಹಿಂದೆ, ಬಾಗಿಲು ತೆರೆದಾಗ ಮುಚ್ಚಿಹೋಗುವ ಮೂಲೆಯಲ್ಲಿ ಬೇಡ. ಬಿಸಿಲು ನೇರವಾಗಿ ಬೀಳುವ ಬಾಲ್ಕನಿಯೂ ಬೇಡ. ಮತ್ತೆ, ನೋಡಲು ಚಂದವಿಲ್ಲವೆಂದು ಅದಕ್ಕೆ ಕಸೂತಿ ಕವರ್ ಹೊಲಿಸುವ ಆಸೆಯನ್ನು ದಯವಿಟ್ಟು ಬಿಡಿ.

## ಹಂತ 5: ಬೆಂಕಿ ಕಂಡಾಗ, ನಂದಕ ಮುಟ್ಟುವ ಮೊದಲು

ಕ್ರಮ ಹೀಗೆ: ಕೂಗಿ ಎಲ್ಲರನ್ನೂ ಹೊರಗೆ ಕಳಿಸಿ, ಮುಂಬಾಗಿಲು ತೆರೆಸಿ, ಒಬ್ಬರಿಗೆ ಫೋನ್ ಒಪ್ಪಿಸಿ, ಉರಿಗೆ ಮೇವು ನಿಲ್ಲಿಸಿ, ಆಮೇಲೆ ನಂದಕ. ಮನೆಯಲ್ಲಿ ಒಬ್ಬರೇ ಇದ್ದರೆ ಫೋನ್ ಮೊದಲು, ಅದೂ ಹೊರಬಾಗಿಲ ಬಳಿ ನಿಂತು.

ಅಗ್ನಿಶಾಮಕ ದಳಕ್ಕೆ 101, ಅಥವಾ 112. ಇಲ್ಲಿ ಒಂದು ತೊಡಕಿದೆ. ಊರಿನಿಂದ ಬಂದು ಮಗನ ಮನೆಯಲ್ಲಿರುವ ಹಿರಿಯರಿಗೆ ಮರಾಠಿ, ಹಿಂದಿ ಬಾರದು. ಆ ಕಡೆಯವರಿಗೆ ಕನ್ನಡ ಬಾರದು. ಹಾಗಾಗಿ ಒಂದು ಚೀಟಿಯಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ‘ಘರಾತ್ ಆಗ್ ಲಾಗ್ಲಿ ಆಹೇ’ ಎಂದು, ಅದರ ಕೆಳಗೆ ಸೊಸೈಟಿ ಹೆಸರು, ವಿಂಗ್, ಮಹಡಿ, ರಸ್ತೆ, ಎಲ್ಲರಿಗೂ ಗೊತ್ತಿರುವ ಹತ್ತಿರದ ಗುರುತು ಬರೆದು ಫೋನ್ ಬಳಿ ಅಂಟಿಸಿ. ಗೋವಾದಲ್ಲಾದರೆ ‘ಘರಾಕ್ ಉಜೊ ಲಾಗ್ಲಾ’. ಒಂದೆರಡು ಸಲ ಓದಿಸಿ ಅಭ್ಯಾಸ ಮಾಡಿಸಿ. ಫೋನ್ ಮಾಡಿದ ಮೇಲೆ ವಾಚ್‌ಮನ್‌ಗೆ ಹೇಳಿ ಗೇಟಿನ ಎದುರು ನಿಂತ ಗಾಡಿಗಳನ್ನು ತೆಗೆಸಬೇಕು. ಡೊಂಬಿವಲಿ, ಭಾಂಡುಪ್‌ನ ಗಲ್ಲಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಯಾವ ಬೆಂಕಿ ಎಂಬುದರ ಮೇಲೆ ಮುಂದಿನದು ನಿಂತಿದೆ.

ಬಾಣಲೆಯ ಎಣ್ಣೆ. ಮೊದಲು ಒಲೆಯ ನಾಬ್ ಮುಚ್ಚಿ. ಉರಿಯ ಮೇಲಿಂದ ಕೈ ಚಾಚದೆ ಆಗದಿದ್ದರೆ ಸಿಲಿಂಡರಿನ ರೆಗ್ಯುಲೇಟರ್ ಅಥವಾ ಪೈಪಿನ ವಾಲ್ವ್ ಮುಚ್ಚಿ. ಬಾಣಲೆಯನ್ನು ಎತ್ತಬೇಡಿ, ಸಿಂಕ್‌ಗೆ ಒಯ್ಯಬೇಡಿ. ಬಾಣಲೆಗಿಂತ ದೊಡ್ಡ ಸ್ಟೀಲ್ ಮುಚ್ಚಳ ಅಥವಾ ಚಪ್ಪಟೆ ತಟ್ಟೆಯನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸುತ್ತ ಮುಚ್ಚಿ. ಗಾಜಿನ ಮುಚ್ಚಳ ಬೇಡ, ಬಿರಿಯುತ್ತದೆ. ಫೈರ್ ಬ್ಲಾಂಕೆಟ್ ಇದ್ದರೆ ಮೇಲಂಚನ್ನು ಕೈಗಳ ಸುತ್ತ ಮಡಿಸಿಕೊಂಡು, ಅದನ್ನೇ ಗುರಾಣಿಯಂತೆ ಮುಂದೆ ಹಿಡಿದು, ಮೆಲ್ಲಗೆ ಹಾಸಿ. ಆಮೇಲೆ ಅರ್ಧ ಗಂಟೆ ತೆರೆದು ನೋಡಬೇಡಿ. ‘ಆರಿತೋ ಇಲ್ಲವೋ’ ಎಂದು ಎರಡು ನಿಮಿಷಕ್ಕೇ ಮುಚ್ಚಳ ಎತ್ತಿದವರ ಮುಖಕ್ಕೇ ಉರಿ ಎದ್ದಿದೆ, ಯಾಕೆಂದರೆ ಎಣ್ಣೆ ಇನ್ನೂ ತಾನಾಗಿ ಹೊತ್ತಿಕೊಳ್ಳುವಷ್ಟು ಬಿಸಿ ಇರುತ್ತದೆ, ಕಾಯುತ್ತಿರುವುದು ಗಾಳಿಗೆ ಮಾತ್ರ.

ನೀರಂತೂ ಒಂದು ಲೋಟವೂ ಬೇಡ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ, ಇಳಿದ ಕ್ಷಣವೇ ಆವಿಯಾಗುತ್ತದೆ; ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಆವಿಯಾಗಿ ಉಬ್ಬುವಾಗ ಉರಿಯುವ ಎಣ್ಣೆಯನ್ನು ಚಾವಣಿಯವರೆಗೆ ಚಿಮ್ಮಿಸುತ್ತದೆ.

ಪುಡಿಯ ನಂದಕ ಇಲ್ಲಿ ಎರಡನೇ ಆಯ್ಕೆ. ಜ್ವಾಲೆ ಬೀಳುತ್ತದೆ, ಎಣ್ಣೆ ತಣಿಯುವುದಿಲ್ಲ, ನಿಮಿಷದಲ್ಲಿ ಮತ್ತೆ ಹತ್ತಬಹುದು. ಮುಚ್ಚಲು ಆಗದೆ ಬೆಂಕಿ ಚಿಮಣಿಗೋ ಕಪಾಟಿಗೋ ತಾಗಿದೆ ಎಂದಾಗ ಬಳಸಿ, ಎರಡೂವರೆ ಮೀಟರ್ ಹಿಂದೆ ನಿಂತು. ಜ್ವಾಲೆ ಬಿದ್ದ ತಕ್ಷಣ ಮುಚ್ಚಳ ಹಾಕಿ.

ಗ್ಯಾಸ್. ಮೂಲ ಮುಚ್ಚಲು ಆಗದ ಗ್ಯಾಸ್ ಬೆಂಕಿಯನ್ನು ನಂದಿಸಬೇಡಿ. ಓದಲು ವಿಚಿತ್ರ ಎನಿಸಿದರೂ ಇದೇ ಸರಿ: ಉರಿಯುತ್ತಿರುವ ಗ್ಯಾಸ್ ಒಂದೇ ಕಡೆ ಉರಿಯುತ್ತದೆ, ನಂದಿಸಿಬಿಟ್ಟರೆ ಸೋರುತ್ತಲೇ ಇದ್ದು ಕೋಣೆ ತುಂಬ ಸೇರಿ, ಫ್ರಿಜ್‌ನ ಒಂದು ಕಿಡಿಗೆ ಇಡೀ ಕೋಣೆ ಸಿಡಿಯುತ್ತದೆ. ರಬ್ಬರ್ ಟ್ಯೂಬಿನ ತುದಿಯಲ್ಲಿ ಉರಿ ಇದ್ದು ರೆಗ್ಯುಲೇಟರ್ ಕೈಗೆ ಸಿಗುವಂತಿದ್ದರೆ ಒದ್ದೆ ಟವೆಲ್ ಸುತ್ತಿದ ಕೈಯಿಂದ ಅದನ್ನು ಆಫ್ ಮಾಡಿ, ಉರಿ ತಾನೇ ಸಾಯುತ್ತದೆ. ಉರಿ ಸಿಲಿಂಡರನ್ನೇ ಕಾಯಿಸುತ್ತಿದ್ದರೆ ನಂದಕದ ಮಾತೇ ಇಲ್ಲ, ಹೊರಗೆ ನಡೆಯಿರಿ, ಅಕ್ಕಪಕ್ಕದವರನ್ನೂ ಎಬ್ಬಿಸಿ.

ಬೆಂಕಿ ಇಲ್ಲ, ವಾಸನೆ ಮಾತ್ರ ಇದೆ ಎಂದರೆ ಸ್ವಿಚ್ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹುಟ್ಟುತ್ತದೆ. ದೇವರ ದೀಪ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು, ಕಿಟಕಿ ತೆರೆಯಿರಿ. ಎಲ್‌ಪಿಜಿ ಸೋರಿಕೆಗೆ 1906ಕ್ಕೆ ಮನೆಯ ಹೊರಗಿನಿಂದ ಫೋನ್ ಮಾಡಿ.

ವಿದ್ಯುತ್. ಎಂಸಿಬಿ, ಅಂದರೆ ಮನೆಯ ಕರೆಂಟು ಕಡಿಯುವ ಸ್ವಿಚ್, ಇಳಿಸಿ, ಆಮೇಲೆ ಪುಡಿ. ಎಂಸಿಬಿ ಬಾಕ್ಸ್ ಹೊಗೆಯ ಆಚೆ ಇದ್ದರೆ ಹೊರಗಿನ ಮೀಟರ್ ರೂಮಿನ ಮೇನ್ ತೆಗೆಸಿ. ಮನೆಯ ವೋಲ್ಟೇಜ್‌ನಲ್ಲಿ ಎಬಿಸಿ ಪುಡಿ ಅಪಾಯವಿಲ್ಲ, ಆದರೂ ಒಂದು ಮೀಟರ್‌ಗಿಂತ ಹತ್ತಿರ ಬೇಡ. ನೀರು ಬೇಡವೇ ಬೇಡ.

ಸ್ಕೂಟರ್ ಬ್ಯಾಟರಿ. ಲಿಥಿಯಂ ಬ್ಯಾಟರಿಯೊಳಗೆ ಶುರುವಾದ ಬಿಸಿಯನ್ನು ಪುಡಿ ನಿಲ್ಲಿಸಲಾರದು. ಹಿಸ್ಸೆನ್ನುವ ಸದ್ದು, ಬಿಳಿ ಹೊಗೆ, ಉಬ್ಬಿದ ಪೆಟ್ಟಿಗೆ ಕಂಡರೆ ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ. ಹೊಗೆಯೂ ವಿಷ.

ಮೈಮೇಲಿನ ಬಟ್ಟೆ. ಓಡಲು ಬಿಡಬೇಡಿ. ನೆಲಕ್ಕೆ ಮಲಗಿಸಿ, ಫೈರ್ ಬ್ಲಾಂಕೆಟ್ ಅಥವಾ ದಪ್ಪ ಹತ್ತಿಯ ಕಂಬಳಿ ಸುತ್ತಿ ಉರುಳಿಸಿ, ಆಮೇಲೆ ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಅರಿಶಿನ, ಬೆಣ್ಣೆ ಯಾವುದೂ ಬೇಡ.

## ಹಂತ 6: ಒತ್ತುವ ಹತ್ತು ಸೆಕೆಂಡು

1. ಬ್ರ್ಯಾಕೆಟ್‌ನಿಂದ ತೆಗೆದು, ಗೇಜ್ ಮೇಲೆ ಒಂದು ಕಣ್ಣು ಹಾಕಿ. ಮುಳ್ಳು ಕೆಂಪಿನಲ್ಲಿದ್ದರೆ ಹೊತ್ತುಕೊಂಡು ಬೆಂಕಿಯ ಹತ್ತಿರ ಹೋಗುವುದೇ ವ್ಯರ್ಥ.

2. ನಂದಕವನ್ನು ನೆಟ್ಟಗೆ ಹಿಡಿಯಿರಿ. ಒಳಗೆ ತಳದವರೆಗೆ ಇಳಿದ ಒಂದು ಕೊಳವೆ ಇದೆ, ಪುಡಿ ಅದರ ಮೂಲಕವೇ ಮೇಲೆ ಬರಬೇಕು. ಮಲಗಿಸಿದರೆ, ತಲೆಕೆಳಗಾಗಿ ಹಿಡಿದರೆ ಬರುವುದು ಬರೀ ಗ್ಯಾಸ್, ಪುಡಿಯೆಲ್ಲ ಒಳಗೇ ಉಳಿಯುತ್ತದೆ.

3. ನಿಲ್ಲುವ ಜಾಗ: ಬೆನ್ನ ಹಿಂದೆ ಹೊರದಾರಿ, ಮುಂದೆ ಬೆಂಕಿ, ನಡುವೆ ಎರಡರಿಂದ ಎರಡೂವರೆ ಮೀಟರ್, ಅಂದರೆ ಮೂರು ಹೆಜ್ಜೆ. ನೀವು ಮತ್ತು ಬಾಗಿಲಿನ ನಡುವೆ ಬೆಂಕಿ ಬರುವ ಕಡೆಗೆ ಎಂದೂ ದಾಟಿ ಹೋಗಬೇಡಿ. ಮೊಣಕಾಲು ಸ್ವಲ್ಪ ಬಾಗಲಿ, ಹೊಗೆ ಮೇಲಿರುತ್ತದೆ.

4. ಪಿನ್. ಕೆಳಗಿನ ಹಿಡಿಕೆಯನ್ನು ಮಾತ್ರ ಹಿಡಿದುಕೊಳ್ಳಿ, ಮೇಲಿನದರ ಮೇಲೆ ಬೆರಳು ಬೇಡ. ಎರಡನ್ನೂ ಸೇರಿಸಿ ಅದುಮಿದರೆ ಲಿವರ್ ಪಿನ್ನನ್ನು ಕಚ್ಚಿ ಹಿಡಿಯುತ್ತದೆ. ಗಾಬರಿಯಲ್ಲಿ ಜಾಸ್ತಿ ಎಳೆದಷ್ಟೂ ಕೈ ಜಾಸ್ತಿ ಅದುಮುತ್ತದೆ, ಪಿನ್ ಇನ್ನೂ ಬಿಗಿಯಾಗುತ್ತದೆ. ಕೈ ಸಡಿಲಿಸಿ, ಪಿನ್ ಉಂಗುರವನ್ನು ಒಂದು ಸುತ್ತು ತಿರುವಿ ಸೀಲ್ ಮುರಿದು, ನೇರ ಎಳೆಯಿರಿ.

5. ಪೈಪಿನ ತುದಿ ಬೆಂಕಿಯ ಬುಡಕ್ಕೆ. ಉರಿಯುತ್ತಿರುವುದು ವಸ್ತು, ಕಣ್ಣಿಗೆ ಕಾಣುವ ಜ್ವಾಲೆ ಅದರ ಬಾಲ ಅಷ್ಟೆ. ಬಾಲಕ್ಕೆ ಹೊಡೆದರೆ ಏನೂ ಆಗದು.

6. ಪೂರ್ತಿ ಒತ್ತಿ. ಅರ್ಧಂಬರ್ಧ ಒತ್ತಿದರೆ ಪುಡಿ ಬೆಂಕಿಯವರೆಗೆ ತಲುಪದೆ ನಡುವೆಯೇ ಉದುರುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕಸ ಗುಡಿಸಿದಂತೆ ಪೈಪು ಆಡಿಸಿ, ಉರಿ ಹಿಂದೆ ಸರಿದಂತೆ ಅರ್ಧ ಹೆಜ್ಜೆ ಮುಂದೆ. ಪುಡಿ ಎದ್ದು ಕೋಣೆಯೆಲ್ಲ ಬೆಳ್ಳಗಾಗಿ ಎರಡು ಮೂರು ಸೆಕೆಂಡು ಏನೂ ಕಾಣಿಸುವುದಿಲ್ಲ. ಬಹಳ ಜನ ಇಲ್ಲಿಗೆ ಬೆದರಿ ಕೈಬಿಡುತ್ತಾರೆ. ಮೊದಲೇ ಗೊತ್ತಿದ್ದರೆ ಬೆದರುವುದಿಲ್ಲ.

7. ಆರಿದ ಮೇಲೆ ಬೆನ್ನು ತಿರುಗಿಸದೆ ಹಿಂದಕ್ಕೆ ನಡೆದು, ಉಳಿದ ಪುಡಿಯೊಂದಿಗೆ ಕಾಯಿರಿ. ಹಾಸಿಗೆ, ಸೋಫಾ, ಹತ್ತಿಯ ದಿಂಬು ಇದ್ದರೆ ಒಳಗೆ ಕೆಂಡ ಉಳಿದಿರುತ್ತದೆ. ಆ ಕಡೆ ಕರೆಂಟು ತೆಗೆದಿದೆ ಎಂದು ಖಾತ್ರಿಮಾಡಿಕೊಂಡು ಬಕೆಟ್ ನೀರು ಸುರಿದು ತೋಯಿಸಿ. ಎಬಿಸಿ ಪುಡಿಗೆ ತಣಿಸುವ ಶಕ್ತಿ ಇಲ್ಲ ಎಂದದ್ದು ಇದಕ್ಕೇ.

ಬೆಂಕಿ ಆರಿದರೂ ಅಗ್ನಿಶಾಮಕ ದಳಕ್ಕೆ ‘ಬರಬೇಡಿ’ ಎನ್ನಬೇಡಿ. ಫಾಲ್ಸ್ ಸೀಲಿಂಗ್ ಒಳಗೆ, ಚಿಮಣಿಯ ಕೊಳವೆಯಲ್ಲಿ ಉಳಿದಿರುವುದು ಅವರ ಕಣ್ಣಿಗೆ ಬೀಳುತ್ತದೆ.

## ಹಂತ 7: ನಂದಕ ಕೆಳಗೆ ಹಾಕಿ ಹೊರಡಬೇಕಾದ ಸೂಚನೆಗಳು

ಉರಿ ನಿಮ್ಮ ಸೊಂಟಕ್ಕಿಂತ ಎತ್ತರ ಹೋಗಿದೆ. ಚಾವಣಿಗೆ ತಾಗಿದೆ. ಹೊಗೆಯ ಪರದೆ ಮುಖದ ಮಟ್ಟಕ್ಕೆ ಇಳಿದಿದೆ. ಏನು ಉರಿಯುತ್ತಿದೆ ಎಂದೇ ಗೊತ್ತಿಲ್ಲ. ಒಂದು ನಂದಕ ಖಾಲಿಯಾಯಿತು, ಬೆಂಕಿ ಹಾಗೇ ಇದೆ. ಇದರಲ್ಲಿ ಯಾವುದೊಂದು ಆದರೂ ಹೊರಡಿ.

ಹೊರಡುವಾಗ ಬೆಂಕಿ ಇರುವ ಕೋಣೆಯ ಬಾಗಿಲು, ಆಮೇಲೆ ಮುಂಬಾಗಿಲು ಎಳೆದು ಮುಚ್ಚಿ, ಬೀಗ ಹಾಕಬೇಡಿ. ಮುಚ್ಚಿದ ಬಾಗಿಲು ಹೊಗೆಯನ್ನು ಮೆಟ್ಟಿಲಿಗೆ ಹರಿಯದಂತೆ ತಡೆಯುತ್ತದೆ. ಮೇಲಿನ ಮಹಡಿಯವರು ಇಳಿಯಬೇಕಾದದ್ದು ಅದೇ ಮೆಟ್ಟಿಲಲ್ಲಿ. ಲಿಫ್ಟ್ ಬೇಡ. ಒಡವೆ, ಪಾಸ್‌ಬುಕ್ಕು ಎಂದು ಮರಳಿ ಒಳಗೆ ಹೋಗುವುದೂ ಬೇಡ.

## ಹಂತ 8: ಪುಡಿ ಗುಡಿಸುವುದು

ಪುಡಿ ವಿಷವಲ್ಲ, ಆದರೆ ಕಣ್ಣು, ಗಂಟಲು ಕೆರಳಿಸುತ್ತದೆ. ಉಬ್ಬಸ ಇರುವವರನ್ನು ಅವತ್ತಿಗೆ ಬೇರೆ ಮನೆಯಲ್ಲಿ ಇರಿಸಿ. ಮಾಸ್ಕ್ ಹಾಕಿಕೊಂಡು ಮೊದಲು ಒಣಗಿದ್ದಾಗಲೇ ಮೃದು ಬ್ರಶ್‌ನಿಂದ ಗುಡಿಸಿ. ನೇರ ಒದ್ದೆ ಬಟ್ಟೆ ಹಾಕಿದರೆ ಅಂಟಾಗುತ್ತದೆ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ, ನುಣುಪಾದ ಪುಡಿ ಫಿಲ್ಟರ್ ದಾಟಿ ಮೋಟಾರ್ ಸೇರುತ್ತದೆ.

ಗುಡಿಸಿದ ಮೇಲೆ ಬಿಸಿನೀರಿನಲ್ಲಿ ಅಡುಗೆ ಸೋಡಾ ಕರಗಿಸಿ ಒರೆಸಿ, ಆಮೇಲೆ ಬರೀ ನೀರಲ್ಲಿ ಇನ್ನೊಮ್ಮೆ. ಈ ಪುಡಿ ತೇವ ಹೀರಿದರೆ ಆಮ್ಲದ ಗುಣ ತಾಳಿ ಲೋಹ ತಿನ್ನುತ್ತದೆ. ಜುಲೈ ತಿಂಗಳ ಮುಂಬಯಿಯಲ್ಲಿ ಎರಡು ದಿನ ಬಿಟ್ಟರೆ ಒಲೆಯ ಬರ್ನರ್, ನಲ್ಲಿ, ಫ್ರಿಜ್ ಬಾಗಿಲಿಗೆ ಕಲೆ ನಿಂತೇಬಿಡುತ್ತದೆ. ಟಿವಿ, ಮಿಕ್ಸರ್, ಕಂಪ್ಯೂಟರ್ ಒಳಗೆ ಪುಡಿ ಹೋಗಿದ್ದರೆ ಮೆಕ್ಯಾನಿಕ್ ಬಿಚ್ಚಿ ಶುಚಿಮಾಡುವವರೆಗೆ ಪ್ಲಗ್ ಹಾಕಬೇಡಿ. ತೆರೆದಿಟ್ಟ ಆಹಾರವೆಲ್ಲ ಕಸಕ್ಕೆ.

## ಹಂತ 9: ತಿಂಗಳಿಗೆ ಎರಡು ನಿಮಿಷ, ವರ್ಷಕ್ಕೆ ಒಂದು ಫೋನ್

ಕರೆಂಟ್ ಬಿಲ್ ಕಟ್ಟುವ ದಿನವನ್ನೋ ಸಂಕಷ್ಟಿಯನ್ನೋ ಗುರುತಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ಬಂದರೆ ಸಾಕು. ಮುಳ್ಳು ಹಸಿರಲ್ಲಿದೆಯೇ, ಸೀಲ್ ಇದೆಯೇ, ನಾಜಲ್ ಒಳಗೆ ಜೇಡ, ಕಣಜ ಗೂಡು ಕಟ್ಟಿಲ್ಲವೇ, ತಳದಲ್ಲಿ ತುಕ್ಕು ಇಲ್ಲವೇ ನೋಡಿ. ಮೂರು ತಿಂಗಳಿಗೊಮ್ಮೆ ನಂದಕವನ್ನು ತಲೆಕೆಳಗೆ ಮಾಡಿ, ಕಿವಿಯ ಬಳಿ ಹಿಡಿದು, ಪುಡಿ ಸರಿಯುವ ಸದ್ದು ಕೇಳಿ. ಸದ್ದಿಲ್ಲದೆ ಭಾರವೆಲ್ಲ ಒಂದೇ ಕಡೆ ಕೂತಿದ್ದರೆ ಪುಡಿ ಗಟ್ಟಿಯಾಗಿದೆ. ಗೇಜ್ ಹಸಿರು ತೋರಿಸಿದರೂ ಒತ್ತಿದಾಗ ಗ್ಯಾಸ್ ಮಾತ್ರ ಬರುತ್ತದೆ. ಗೇಜ್ ಹೇಳುವುದು ಒತ್ತಡದ ಸುದ್ದಿಯನ್ನು, ಪುಡಿಯ ಸುದ್ದಿಯನ್ನಲ್ಲ. ಕಾರ್ಬನ್ ಡೈಆಕ್ಸೈಡ್‌ನದಕ್ಕೆ ಗೇಜ್ ಇರುವುದಿಲ್ಲ, ತೂಗಿಯೇ ನೋಡಬೇಕು. ಒಳಗಿನ ಗ್ಯಾಸಿನಲ್ಲಿ ಹತ್ತನೇ ಒಂದು ಪಾಲು ಕಡಿಮೆಯಾಗಿದ್ದರೆ ತುಂಬಿಸಿ.

ಒಮ್ಮೆ ಒತ್ತಿದ ನಂದಕವನ್ನು, ಅರ್ಧ ಸೆಕೆಂಡೇ ಒತ್ತಿದ್ದರೂ, ಹಾಗೇ ಮರಳಿ ತೂಗುಹಾಕಬೇಡಿ. ವಾಲ್ವ್‌ನ ರಬ್ಬರ್ ಕೂರುವಲ್ಲಿ ಪುಡಿಯ ಕಣ ಸಿಕ್ಕಿಕೊಂಡು, ಒಂದೆರಡು ವಾರದಲ್ಲಿ ಒತ್ತಡವೆಲ್ಲ ಸದ್ದಿಲ್ಲದೆ ಸೋರಿಹೋಗುತ್ತದೆ. ‘ಟೆಸ್ಟ್’ ಮಾಡಿದ ಮಕ್ಕಳ ಕಥೆಯ ಹಿಂದಿನ ಗುಟ್ಟು ಇದು.

ರೀಫಿಲ್, ಒತ್ತಡ ಪರೀಕ್ಷೆ ಯಾವಾಗ ಎಂಬುದು ಲೇಬಲ್ ಮೇಲೆ ಇರುತ್ತದೆ. ಮಹಾರಾಷ್ಟ್ರದಲ್ಲಿ ಒಂದು ಅನುಕೂಲ ಇದೆ. 2006ರ ಅಗ್ನಿ ಸುರಕ್ಷಾ ಕಾಯ್ದೆಯ ಪ್ರಕಾರ ಸೊಸೈಟಿಗಳು ಜನವರಿ ಮತ್ತು ಜುಲೈನಲ್ಲಿ ಲೈಸೆನ್ಸ್ ಇರುವ ಏಜೆನ್ಸಿಯಿಂದ ಫಾರ್ಮ್ ಬಿ, ಅಂದರೆ ಬೆಂಕಿ ಆರಿಸುವ ಸಲಕರಣೆ ಸುಸ್ಥಿತಿಯಲ್ಲಿದೆ ಎನ್ನುವ ಪ್ರಮಾಣಪತ್ರ ಕೊಡಿಸಬೇಕು. ಆ ಏಜೆನ್ಸಿಯವರು ನೋಡುವುದು ಮೆಟ್ಟಿಲು, ಪಾರ್ಕಿಂಗ್‌ನ ನಂದಕಗಳನ್ನು. ನಿಮ್ಮ ಮನೆಯೊಳಗಿನದು ಆ ಲೆಕ್ಕದಲ್ಲಿಲ್ಲ. ಸೆಕ್ರೆಟರಿಗೆ ಮೊದಲೇ ಹೇಳಿ ಅದೇ ದಿನ ನಿಮ್ಮದನ್ನೂ ಕೊಡಿ. ಐದಾರು ಮನೆಯವರು ಸೇರಿದರೆ ರೇಟೂ ಇಳಿಯುತ್ತದೆ. ಮರಳಿ ಬಂದಾಗ ತೂಗಿ ನೋಡಿ, ನೀವು ಮಾರ್ಕರ್‌ನಲ್ಲಿ ಬರೆದ ತೂಕಕ್ಕೆ ತಾಳೆಯಾಗಬೇಕು. ಹೊಸ ಸ್ಟಿಕ್ಕರ್ ಅಂಟಿಸಿ ಹಳೇ ಪುಡಿಯನ್ನೇ ಬಿಡುವವರೂ ಇದ್ದಾರೆ, ಹಾಗಾಗಿ ಎದುರಿಗೇ ತುಂಬಿಸಿದರೆ ಇನ್ನೂ ಒಳ್ಳೆಯದು.

ರೀಫಿಲ್‌ಗೆ ಕೊಡುವ ಮೊದಲು ಅದರೊಳಗಿರುವ ಹಳೇ ಪುಡಿ ಹೇಗೂ ಎಸೆಯುವಂಥದ್ದು. ಏಜೆನ್ಸಿಯವರ ಎದುರಿಗೆ, ಸೊಸೈಟಿಯ ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು, ಮನೆಯಲ್ಲಿ ಹಗಲು ಇರುವವರ ಕೈಯಿಂದಲೇ ಅದನ್ನು ಪೂರ್ತಿ ಖಾಲಿ ಮಾಡಿಸಿ. ಒಣಗಲು ಹಾಕಿದ ಬಟ್ಟೆಗಳನ್ನು ಮೊದಲು ತೆಗೆಸಿ, ಇಲ್ಲದಿದ್ದರೆ ಕೆಳಗಿನ ಮನೆಯವರ ಜೊತೆ ಬೇರೆಯೇ ಬೆಂಕಿ ಹತ್ತುತ್ತದೆ.

ಪುಡಿಯ ನಂದಕದ ಒಟ್ಟು ಆಯುಸ್ಸು 10 ವರ್ಷ. ತಯಾರಾದ ವರ್ಷದಿಂದ ಹತ್ತು ದಾಟಿದ್ದನ್ನು, ಅಥವಾ ಅದಕ್ಕೆ ಮೊದಲೇ ತಳ ತುಕ್ಕು ಹಿಡಿದದ್ದನ್ನು ರೀಫಿಲ್ ಮಾಡಿಸಬೇಡಿ. ಭಂಗಾರ್‌ನವರಿಗೆ, ಅಂದರೆ ಗುಜರಿಯವರಿಗೆ, ಒತ್ತಡ ಇರುವಾಗಲೇ ಕೊಡಬೇಡಿ, ಅವರು ಸುತ್ತಿಗೆಯಿಂದ ವಾಲ್ವ್ ಒಡೆಯುತ್ತಾರೆ. ಏಜೆನ್ಸಿಯಿಂದ ಖಾಲಿ ಮಾಡಿಸಿ, ವಾಲ್ವ್ ಬಿಚ್ಚಿಸಿ, ಆಮೇಲೆ ಕೊಡಿ.